ಲೈನು

ನವೆಂಬರಿನಲ್ಲಿ ಬಂದವಳು ಹುಲಿಗೆವ್ವ.
ಅಷ್ಟರಲ್ಲಿ ಹಾಜರಿ ಪುಸ್ತಕದ ಗೆರೆಗಳೆಲ್ಲ ತುಂಬಿ
ಕೊನೆಯ ಗೆರೆಯ ಕೆಳಗೆ, ಬರೀ ಬಿಳಿಯಲ್ಲಿ
ಅವಳ ಹೆಸರು ಬರೆದೆ. ಸೊಟ್ಟಗೆ ಬಂತು.

ಇಂಗ್ಲಿಷ್ ಪಾಠ. ನಿನ್ನ ಮನೆ ಎಲ್ಲಿ?
ವಸ್ತಾರೆ, ಅಂದ ಒಬ್ಬ. ಆಲ್ದೂರು ಪೇಟೆ,
ಅಂದಳು ಜೀಪಿನ ಇನಾಸನ ಮಗಳು.
ಹುಲಿಗೆವ್ವ ಎದ್ದು ನಿಂತು: ಲೈನು.

ಲೈನು ಅಂದರೆ ಗೆರೆ ಕಣೇ, ಅಂದೆ,
ಹಲಗೆಯುದ್ದ ಸೀಮೆಸುಣ್ಣ ಎಳೆದು.
ಇದರೊಳಗೆ ಹೇಗೆ ಇರ್ತೀಯ?
ಮಕ್ಕಳು ನಕ್ಕರು. ನಾನೂ ನಕ್ಕೆ.
ಅವಳು ಆ ಗೆರೆಯನ್ನೇ ನೋಡಿದಳು
ಬಾಗಿಲು ಹುಡುಕುವವಳ ಹಾಗೆ.
“ಇದು ಅಲ್ರೀ ಟೀಚರ್. ನಮ್ದು ನಾಕನೇ ನಂಬರು.”

ನಾನು ಹಾಸನದ ಸಾಲಗಾಮೆ ರಸ್ತೆಯವಳು.
ನನಗೆ ಲೈನು ಅಂದರೆ ಸೀಮೆಎಣ್ಣೆಗೆ ನಿಂತದ್ದು,
ಫೋನಿನಲ್ಲಿ ಅಪ್ಪ ಇರು ಅಂದು ಮರೆತದ್ದು,
ಕಾಲೇಜಿನಲ್ಲಿ ಒಬ್ಬ ಎರಡು ವರ್ಷ
ಸುಮ್ಮನೆ ಹೊಡೆದದ್ದು.

ಆ ರಾತ್ರಿ ಲೈನ್‌ಮ್ಯಾನ್ ಬರುವ ತನಕ ಕರೆಂಟಿಲ್ಲ.
ಮೇಣದಬತ್ತಿಗೆ ನಿಘಂಟು ಹಿಡಿದೆ.
ಎರಡು ಪುಟ ಅರ್ಥಗಳು: ಸೈನ್ಯದ ಸಾಲು,
ಪದ್ಯದ ಸಾಲು, ವಂಶ, ಗಡಿ, ಹಣೆಯ ಸುಕ್ಕು,
ಗಾಳದ ದಾರ.
ಕೆಳಗೆ ಇರುವೆಯಂಥ ಅಕ್ಷರದಲ್ಲಿ ತವರು:
ಲ್ಯಾಟಿನ್. ಲಿನೆಯ, ನಾರಿನ ಹುರಿ. ಲೀನಂ, ಅಗಸೆ.

ಅಗಸೆ!
ನೀಲಿ ಹೂವಿನ ಆ ಗಿಡದ ನಾರು ಹೊಸೆದು
ಯಾರೋ ಎರಡು ಗೂಟಕ್ಕೆ ಬಿಗಿದು ಕಟ್ಟಿ
ನೇರ ಅಂದರೆ ಹೀಗೆ, ಅಂದಿರಬೇಕು.
ದೊರೆಯ ಕಾಲದ ಮೇಸ್ತ್ರಿಯೂ ದಾರ ಹಿಡಿದೇ
ಹನ್ನೆರಡು ಬಾಗಿಲು, ಒಂದೇ ಗೋಡೆ, ಒಂದೇ ಸೂರು
ಎಬ್ಬಿಸಿದ. ದಾರ ಸುತ್ತಿಕೊಂಡು ಹೋದ,
ಹೆಸರು ಬಿಟ್ಟು ಹೋದ.

ಮಾರನೇ ದಿನ ಬಿಸಿಯೂಟದ ಹೊತ್ತು
ಹೇಳಬೇಕೆಂದು ಹತ್ತಿರ ಹೋದೆ.
ತಪ್ಪಾಯಿತು ಅಂತಲೂ ಹೇಳಬೇಕಿತ್ತು.
ಅವಳು ಪೊಟ್ಟಣ ಬಿಚ್ಚಿ ಅನ್ನದ ಮೇಲೆ
ಕಂದು ಪುಡಿ ಉದುರಿಸಿಕೊಳ್ಳುತ್ತಿದ್ದಳು.
ಏನೇ ಅದು?
“ಅಗಸಿ ಹಿಂಡಿ ರೀ. ಅವ್ವ ಊರಾಗ ಕುಟ್ಟಿ ತಂದಾಳ.
ಕೈ ಚಾಚ್ರಿ.”

ಚಾಚಿದೆ. ಖಾರ. ಬೆಳ್ಳುಳ್ಳಿ.
ಹಲ್ಲಿನ ಸಂದಿಯಲ್ಲಿ ಒಂದು ಇಡೀ ಕಾಳು.
ಲ್ಯಾಟಿನ್ ಅಂತ ಬಾಯಿ ತೆರೆದವಳು
ನೀರು ಕೇಳಿದೆ.

ರೊಬಸ್ಟಾ ಕುಯ್ದು ಮುಗಿಯಿತು.
ನಾಲ್ಕನೇ ನಂಬರಿಗೆ ಬೀಗ.
ಜೂನಿನ ಹೊಸ ಹಾಜರಿ ಪುಸ್ತಕಕ್ಕೆ
ಸ್ಕೇಲು ಹಿಡಿದು, ಅಡಿಯ ಬಿಳಿಯಲ್ಲಿ
ಎರಡು ಗೆರೆ ಹೆಚ್ಚಿಗೆ ಎಳೆದೆ.
ಯಾರಿಗೆ ಇವು, ಅಂದರು ಹೆಡ್ಮಾಸ್ತರು.

ಇರಲಿ, ಅಂದೆ.