ಎಂಟಾಣೆ

ತಿಂಗಳ ಎರಡನೇ ಶನಿವಾರ, ಮೂರೂವರೆಗೆ,
ಹೊಯ್ಗೆಬಜಾರಿನ ಮುಚ್ಚಿದ ಹಂಚಿನ ಕಾರ್ಖಾನೆಯ ಗೋದಾಮಿನಲ್ಲಿ
ನಾವು ಹದಿಮೂರು ಮಂದಿ ಸೇರುತ್ತೇವೆ.
ಹಳೆ ಹಂಚುಗಳ ಅಡಿ ಉಜ್ಜಿ, ಮುದ್ರೆ ಓದಿ,
ಯಾವ ಕಂಪೆನಿ, ಯಾವ ಇಸವಿ ಎಂದು ಬರೆದಿಡುವುದು.
ಅಷ್ಟೇ ಕೆಲಸ. ಅಷ್ಟೇ ಆಗಬೇಕೆಂದು ನನ್ನ ಹಠ.

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ
ಕೂತವಳು ನಾನು. ಲೆಕ್ಕ ತಾಳೆಯಾಗದೆ ಎದ್ದವಳಲ್ಲ.
ಇಲ್ಲಿ ನೋಡಿದರೆ
ಆನೆ ಮಾರ್ಕಿನ ಹಂಚು ಕೈಯಲ್ಲಿ ಹಿಡಿದುಕೊಂಡೇ
ವರದರಾಯ ಪ್ರಭುಗಳು ಬಂಗುಡೆಯ ರೇಟಿಗೆ ಹೋಗುತ್ತಾರೆ,
ಅಲ್ಲಿಂದ ಫ್ರೀಡಾ ಬಾಯಿಯ ಮೊಣಕಾಲಿಗೆ,
ಮೊಣಕಾಲಿನಿಂದ ದೇರಳಕಟ್ಟೆಯ ಡಾಕ್ಟರಿಗೆ,
ಡಾಕ್ಟರಿಂದ ಅವರ ಎರಡನೇ ಮದುವೆಗೆ.
ನಾನು ಕೆಮ್ಮುತ್ತೇನೆ: ಮಕ್ಕಳಿದ್ದಾರೆ.
ಮಕ್ಕಳು ತಲೆ ಎತ್ತುವುದಿಲ್ಲ.
ಅವರಿಗೆ ಮೂರನೆಯದ್ದೂ ಗೊತ್ತು.

ಮಕ್ಕಳೆಂದರೆ ಇಬ್ಬರು. ಹದಿನಾಲ್ಕರ ಶಾಝಿಲ್,
ಅವನಿಗಿಂತ ಎರಡು ವರ್ಷ ದೊಡ್ಡವಳು ಪ್ರಾಪ್ತಿ.
ಅವರು ದಾರಿ ತಪ್ಪುವುದಕ್ಕೆ ಶಬ್ದವಿಲ್ಲ,
ಫೋನಿನಿಂದ ಫೋನಿಗೆ ದಾಟಿ
ಕಿಸಕ್ ಎಂದು ಒಂದು ನಗೆ ಹೊರಬೀಳುತ್ತದೆ.
ತಮ್ಮನ್ನೇ ನೋಡಿ ನಕ್ಕರೆಂದು ಪ್ರಭುಗಳಿಗೆ ಸಂಶಯ.
ಒಮ್ಮೊಮ್ಮೆ ಹೌದು ಕೂಡ.

ಹಾಗಾಗಿ ಹಾರ್ಲಿಕ್ಸ್ ಬಾಟ್ಲಿ ಬಂತು.
ಹಂಚು ಬಿಟ್ಟು ಬೇರೆ ಮಾತಾಡಿದರೆ ಒಂದು ರೂಪಾಯಿ.
ಹದಿನೆಂಟರ ಕೆಳಗಿನವರಿಗೆ ಎಂಟಾಣೆ.

'ಎಂಟಾಣೆ ಅಂದರೆ ಎಂತ, ಆಂಟಿ?'

ಹೇಳಿಕೊಡಲು ಹೋದ ನಾಲ್ಕು ಮಂದಿ ಹಿರಿಯರು
ಸಿನೆಮಾ ಟಿಕೇಟು, ಐಸ್‌ಕ್ಯಾಂಡಿ,
ಹಂಪನಕಟ್ಟೆಯಿಂದ ಕಂಕನಾಡಿಗೆ ಬಸ್ಸು ಎಂದೆಲ್ಲ ಸುತ್ತಿ
ಏಳು ರೂಪಾಯಿ ದಂಡ ತೆತ್ತರು.
ಬಾಟ್ಲಿಯ ತಳ ಮುಚ್ಚಿತು. ನನಗೆ ಸಮಾಧಾನ.

ಐತಪ್ಪ ಬೆಳ್ಚಡರು ಮಾತ್ರ ಅದಕ್ಕೆ ಕಾಸು ಹಾಕಿದವರಲ್ಲ.
ಎಂಬತ್ತೊಂದು. ಬಲಗಿವಿ ಕೇಳುವುದಿಲ್ಲ.
ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು
ನಾವು ತಪ್ಪಾಗಿ ಓದಿದರೆ ಬೆರಳಾಡಿಸುತ್ತಾರೆ,
ಸರಿ ಓದಿದರೆ ಅದೂ ಇಲ್ಲ.
ಸದಸ್ಯರೆಂದರೆ ಹೀಗಿರಬೇಕು ಎಂದು
ಎಲ್ಲರೆದುರು ಎರಡು ಸಲ ಹೇಳಿದ್ದುಂಟು ನಾನು.

ನವೆಂಬರಿನಲ್ಲಿ ಪ್ರಾಪ್ತಿ ಒಂದು ಹಂಚು ತಿರುಗಿಸಿ
'ಮುದ್ರೆಯೇ ಇಲ್ಲ, ಬರೀ ಒಂದು ಗುಳಿ' ಎಂದು ಬದಿಗಿಟ್ಟಳು.
ಬೆಳ್ಚಡರು ಎದ್ದರು.
ಅಂಗಿಯ ಒಳಕಿಸೆಯಿಂದ ಐವತ್ತರ ನೋಟು ತೆಗೆದು,
ಮಡಿಕೆ ಬಿಡಿಸಿ, ಬಾಟ್ಲಿಗೆ ಹಾಕಿ,
'ಸ್ವಲ್ಪ ಉದ್ದ ಉಂಟು' ಎಂದರು.

ಗುಳಿಯಲ್ಲ, ಬೆರಳು.
ಹಸಿ ಹಂಚನ್ನು ಹಲಗೆಯಿಂದ ಎತ್ತುವಾಗ
ಸಣ್ಣ ಕೈಗೆ ಹಿಡಿತ ಸಾಲದೆ
ಹೆಬ್ಬೆರಳು ಒಳಗೆ ಹೋಗುತ್ತದೆ.
'ನಿಮ್ಮದಾ?'
'ಯಾರಿಗೆ ಗೊತ್ತು. ನಮ್ಮ ಸಾಲಿನಲ್ಲಿ ಒಂಬತ್ತು ಮಂದಿ.
ನನಗೆ ಆಗ ಹನ್ನೊಂದು.'
ಶಾಝಿಲ್ ಅವರ ಎಡಗಿವಿಯ ಕಡೆಗೆ ಸರಿದು ಕೂತ.
'ಮುರಿದರೆ?'
'ಮುರಿದರೆ ದಂಡ. ಹಂಚಿಗೆ ಒಂದಾಣೆ.'
'ಸಂಬಳ?'
'ದಿನಕ್ಕೆ ಎಂಟಾಣೆ.'

ನಾನು ಬಾಟ್ಲಿಯನ್ನು ನನ್ನ ಬ್ಯಾಗಿನ ಹಿಂದೆ ಸರಿಸಿದೆ.

ಹುಡುಗನ ತುಟಿ ಅಲ್ಲಾಡಿತು. 'ಎಂಟು ಹಂಚು,' ಎಂದ.
'ಒಂದು ದಿನ ಹನ್ನೊಂದು ಮುರಿದೆ ಮಗಾ,
ಆ ದಿನ ನಾನೇ ಧಣಿಗಳಿಗೆ ಕೊಡಬೇಕಾಯಿತು.'
ಬೆಳ್ಚಡರು ನಗುವುದನ್ನು ನಾವು ಅವತ್ತೇ ಕಂಡದ್ದು;
ಮೇಲಿನ ಸಾಲಿನಲ್ಲಿ ಹಲ್ಲು ಎರಡೇ.

ಶಾಝಿಲ್ ತನ್ನ ಹೆಬ್ಬೆರಳನ್ನು ಗುಳಿಗೆ ಒತ್ತಿ ನೋಡಿದ. ಹಿಡಿಯಲಿಲ್ಲ.
'ಸುಟ್ಟರೆ ಮಣ್ಣು ಕುಗ್ಗುತ್ತದೆ, ಅದಕ್ಕೆ' ಎಂದರು,
ಅವನಿಗೆ ಬೇಸರವಾಗದಂತೆ.

ನೋಟು ಹಿಂದೆ ಕೊಡಲು ಹೋದೆ.
'ಇರಲಿ, ಮುಂದಿನ ತಿಂಗಳಿಗೂ ಆಯಿತು.'

ರಾತ್ರಿ ಪುಸ್ತಕ ತೆರೆದೆ. ಐವತ್ತು ರೂಪಾಯಿ ಯಾವ ಕಾಲಮ್ಮಿಗೆ?
'ಬೇರೆ ಮಾತು' ಎಂದು ಬರೆದೆ, ಹೊಡೆದುಹಾಕಿದೆ.
ಎದುರಿನ ಪುಟದಲ್ಲಿ,
ಹಂಚು ನಂಬರ್ ನೂರ ಹದಿನಾಲ್ಕು:
ಕಂಪೆನಿ ಗೊತ್ತಿಲ್ಲ. ಇಸವಿ ಗೊತ್ತಿಲ್ಲ. ಹೆಬ್ಬೆರಳು ಒಂದು.
ಲೆಕ್ಕ ತಾಳೆಯಾಗಲಿಲ್ಲ. ಹಾಗೇ ಮಲಗಿದೆ.

ಡಿಸೆಂಬರಿನಲ್ಲಿ ಪ್ರಭುಗಳು ಮತ್ತೆ ಬಂಗುಡೆಗೆ ಹೊರಟರು.
ಅಭ್ಯಾಸಬಲ, 'ಒಂದು ರೂಪಾಯಿ' ಎಂದೆ.
ಪ್ರಾಪ್ತಿ ಫೋನಿನಿಂದ ತಲೆ ಎತ್ತದೆ ಹೇಳಿದಳು:
'ಬೆಳ್ಚಡರ ಲೆಕ್ಕದಲ್ಲಿ ಬಾಕಿ ಉಂಟಲ್ಲ, ಆಂಟಿ.
ಅದರಲ್ಲಿ ಕಳೆಯಿರಿ.'