ಬಟಾಣಿ ಬೀದಿಯ ರಸಮಟ್ಟ

ಟಾರ್ಟು ಊರಿನ ಹೊಳೆದಂಡೆಗೆ ಒಂದು ಸಾರುಪೇಟೆ.
ಅಲ್ಲಿ ಬೀದಿಗಳಿಗೆ ತರಕಾರಿಯ ಹೆಸರು:
ಆಲೂಗಡ್ಡೆ ಬೀದಿ, ಹುರುಳಿಕಾಯಿ ಬೀದಿ.
ಯಾರದಾದರೂ ವಿಳಾಸ ಕೇಳಿದರೆ ಸಂತೆಗೆ ಹೊರಟ ಹಾಗೆ.
ನಾನು ಕೊಂಡದ್ದು ಬಟಾಣಿ ಬೀದಿಯ ಮರದ ಮನೆ, ಅಗ್ಗಕ್ಕೆ.
ಯಾಕೆ ಅಗ್ಗ ಎಂದು ಕೇಳಲಿಲ್ಲ.
ವಿಚ್ಛೇದನದ ಕಾಗದದ ಮಸಿ ಆರಿರಲಿಲ್ಲ,
ಒಂದೇ ಪ್ರಶ್ನೆಗೆ ತ್ರಾಣವಿತ್ತು:
ಬೀಗ ಬದಲಿಸಬಹುದೇ?

ಬಂದ ದಿನ ನನ್ನ ಮಗ ಓಟ್
ಅಡುಗೆಮನೆಯ ನೆಲಕ್ಕೆ ಒಂದು ಒಣ ಬಟಾಣಿ ಇಟ್ಟ.
ಕಳ್ಳನಂತೆ ಓಡಿ ಉತ್ತರದ ಮೂಲೆ ಸೇರಿತು.

ಮೂರು ವಾರದ ಕೆಲಸ ಎಂದುಕೊಂಡೆ.
ನೆಲ, ಒಂದು ಗೋಡೆ, ಅಷ್ಟೇ.
ಹಲಗೆ ಎಬ್ಬಿಸಿದರೆ ಕೆಳಗಿನ ತೊಲೆ ಬೆರಳಿಗೆ ಹಿಟ್ಟು.
ತೊಲೆ ತೆಗೆಯಹೋದರೆ ಅದರ ಮೇಲೆ ಒಲೆ ಕೂತಿದೆ,
ಒಲೆ ಮುಟ್ಟಿದರೆ ಚಿಮಣಿ, ಚಿಮಣಿಯ ಜೊತೆಗೆ ಮಾಡು.
ಸ್ವೆಟರಿನ ಒಂದು ಎಳೆ ಜಗ್ಗಿದ್ದಕ್ಕೆ
ಮನೆಯೆಲ್ಲ ಕೈಗೆ ಬಂತು.
ಮೊದಲ ಚಳಿಗಾಲ ಕೋಟು ಹಾಕಿಕೊಂಡೇ ಮಲಗಿದೆವು,
ಸ್ನಾನದ ತೊಟ್ಟಿಯಲ್ಲಿ ತಟ್ಟೆ ತೊಳೆದೆವು.
ಕನ್ನಡಿ ಯಾವುದೋ ಪೆಟ್ಟಿಗೆಯಲ್ಲಿತ್ತು.
ನನಗೇನೂ ನಷ್ಟವಾಗಲಿಲ್ಲ.

ಬಡಗಿ ಕಾಲ್ಯೊಗೆ ಎಪ್ಪತ್ತನಾಲ್ಕು.
ದಿನಕ್ಕೆ ಒಂಬತ್ತು ಮಾತು. ಎಂಟು ಅಳತೆ,
ಒಂಬತ್ತನೆಯದು ಕಾಫಿ.
ನಾನು ಹೊಸ ರಸಮಟ್ಟ ತಂದೆ, ಹಳದಿಯದು, ದುಬಾರಿ.
ಗೋಡೆಗಿಟ್ಟರೆ ಗುಳ್ಳೆ ಓಡಿತು,
ಶಾಲೆ ತಪ್ಪಿಸಿದ ಹುಡುಗನ ಹಾಗೆ.
ಕಿಟಕಿಗಿಟ್ಟೆ, ಬಾಗಿಲಿಗಿಟ್ಟೆ, ಎಲ್ಲೂ ನಿಲ್ಲದು.
ಸಿಟ್ಟಿಗೆ ಕಾಲ್ಯೊನ ಹೆಗಲ ಮೇಲೇ ಇಟ್ಟೆ.
ಅಲ್ಲೂ ಎಡಕ್ಕೆ.
ಮುದುಕ ನಕ್ಕ. ಅವತ್ತು ಹತ್ತನೆಯ ಮಾತಾಡಿದ:
"ಕಪಾಟನ್ನು ಗುಳ್ಳೆ ಹೇಳಿದಂತೆ ಹೊಡೆದರೆ
ಈ ಮನೆಯಲ್ಲಿ ಅದೊಂದೇ ಸೊಟ್ಟ ಕಾಣುತ್ತದೆ."

ಗೋಡೆಯ ಕಾಗದ ಏಳು ಪದರ.
ನೀಲಿ ಹೂ, ಕಂದು ಪಟ್ಟೆ, ಎಣ್ಣೆ ಕುಡಿದ ಹಳದಿ,
ಯಾರು ಯಾರೋ ಹೆಂಗಸರು ಸಾಕಾಗಿ ಬದಲಿಸಿದ್ದು.
ಆವಿ ಹಾಯಿಸಿ ಕೆರೆದೆವು, ವಾರಗಟ್ಟಲೆ.
ಎದುರು ಕೂತರೆ ಬಾಯಿ ಬಿಡದ ಓಟ್
ಗೋಡೆಗೆ ಮುಖಮಾಡಿ ಮಾತಾಡತೊಡಗಿದ.
ಅಪ್ಪನ ಹೊಸ ಫ್ಲ್ಯಾಟಿನಲ್ಲಿ ತನಗೆ ಹಾಸಿಗೆಯಿಲ್ಲ, ಸೋಫಾ,
ಗಣಿತದಲ್ಲಿ ಫೇಲು, ಸಹಿ ತಾನೇ ಹಾಕಿಕೊಂಡಿದ್ದ.
ನಾನೂ ಗೋಡೆಗೇ ಉತ್ತರ ಕೊಟ್ಟೆ.

ಏಳರ ಹಿಂದೆ ಮರ. ಬಾಗಿಲ ಪಕ್ಕ
ಸೀಸದಕಡ್ಡಿಯಲ್ಲಿ ಯಾವುದೋ ಕಾಲದ ಬಡಗಿಯ ಲೆಕ್ಕ:
ಇನ್ನೂರ ಹದಿನಾಲ್ಕರಲ್ಲಿ ಎಂಬತ್ತೇಳು ಕಳೆದರೆ
ನೂರ ಹದಿನೇಳು.
"ಅಮ್ಮಾ, ಹತ್ತು ಕಮ್ಮಿ!" ಓಟ್ ಕುಣಿದುಬಿಟ್ಟ.
ತಂದ ಸಾಲವನ್ನು ಆ ಪುಣ್ಯಾತ್ಮ
ಎರಡು ಸಲ ತೀರಿಸಿದ್ದ.
ಮೇಲೆ ನೋಡಿದರೆ ಹೌದು, ಗಿಡ್ಡವಾದ ತೊಲೆ,
ಅದರ ತುದಿಗೆ ಗೇಣಿಗೂ ಕಡಿಮೆ ಒಂದು ತುಂಡು,
ಎರಡೂ ಕಡೆ ಬೆಣೆ ಬಡಿದು.
ಕಾಲ್ಯೊ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟ,
ಡಾಕ್ಟರು ಬೆನ್ನು ತಟ್ಟುವಂತೆ.
ತುಂಡು ತೆಗೆಯಬೇಕಾ ಅಂದೆ.
"ತುಂಡು ಗಟ್ಟಿ ಇದೆ. ತೊಲೆ ಹೋಗಿದೆ."

ಆ ರಾತ್ರಿ ನನ್ನ ಲೆಕ್ಕ ತೆಗೆದೆ.
ಹದಿನೇಳು ವರ್ಷ. ಎಷ್ಟು ಕ್ಷಮೆ ಕೇಳಿದ್ದೆ,
ಅದರಲ್ಲಿ ಎಷ್ಟನ್ನು ಎರಡೆರಡು ಸಲ.
ಮೊತ್ತ ಹಾಕಲು ಹೋಗಲಿಲ್ಲ, ನಿದ್ದೆ ಬಂತು.
ಗೋಡೆ ಮುಚ್ಚುವ ಮುನ್ನ ಓಟ್
ಹಳೇ ಲೆಕ್ಕದ ಕೆಳಗೆ ಸರಿಯುತ್ತರ ಬರೆದ.
ಸ್ವಲ್ಪ ನಿಂತು, ಪಕ್ಕದಲ್ಲಿ ಇನ್ನೊಂದು ಸಾಲು:
ಆದರೂ ಮನೆ ಬಿದ್ದಿಲ್ಲ.

ಮೂರು ವಾರಕ್ಕೆ ಎರಡು ವರ್ಷ ಹಿಡಿಯಿತು.
ಮಗ ನನಗಿಂತ ಎತ್ತರ.
ರಸಮಟ್ಟ ಎಲ್ಲೋ ಗೋಡೆಯೊಳಗೇ ಉಳಿಯಿತೆಂದು ಕಾಣುತ್ತದೆ,
ಮುಂದೆ ಕೆಡವುವವರಿಗೆ ಸಿಗಲಿ.

ಹೊಸ ನೆಲಕ್ಕೆ ಓಟ್ ಮತ್ತೆ ಒಂದು ಬಟಾಣಿ ಇಟ್ಟ.
ಅದು ಸುಮ್ಮನೆ ಕೂತಿತು. ನಾವು ಉಸಿರು ಬಿಡಲಿಲ್ಲ.
ಆಮೇಲೆ ಯಾರೋ ಹೆಸರು ಹಿಡಿದು ಕರೆದ ಹಾಗೆ
ನಿಧಾನವಾಗಿ, ಅದೇ ಮೂಲೆಗೆ ಹೊರಟಿತು.
ಕಾಫಿ ಕುಡಿಯುತ್ತಿದ್ದ ಕಾಲ್ಯೊ
ಕಾಲು ಸರಿಸಿ ದಾರಿ ಬಿಟ್ಟ.