ಹತ್ತು ನಿಮಿಷದಲ್ಲಿ ಮರಳದಿದ್ದರೆ

ಹತ್ತಾರ್‌ವೀಕಿನಾಚೆ, ಸಾಲ್ಮನ್ ಮೇವಿನ ತೆಪ್ಪದ ಮೇಲೆ
ನನ್ನದೊಂದು ಸ್ವಿಚ್ಚು. ದೂರದಿಂದ ಬರುವವರಿಗೆ
ಅದರಲ್ಲಿ ಐದೇ ಬಾಗಿಲು, ಸೊನ್ನೆಯಿಂದ ನಾಲ್ಕು.
ಬೆಳಿಗ್ಗೆ ಕಡೆಯದರಲ್ಲಿ ಹೇಗೋ ನುಸುಳಿದೆ.
ಒಳಗೆ ಯಾರಿದ್ದೀರಿ ಎಂದು ಕೇಳಿದರೆ
ಪಟ್ಟಿ ಬಂತು: ನಾನು, ನಾನು, ನಾನು,
ಮತ್ತೆ ಬೆರ್ಗೆನ್ನಿನ ಆ ಗುತ್ತಿಗೆಯವನು.

ಒಬ್ಬಳು ಸೋಮವಾರದವಳು. ಲ್ಯಾಪ್‌ಟಾಪ್ ಮಡಚಿ
ಹೋಗಿಬರ್ತೀನಿ ಅನ್ನದೆ ಎದ್ದುಹೋದವಳು.
ಒಬ್ಬಳು ಕ್ಲಾಕ್ಸ್‌ವೀಕಿನ ಬಸ್ಸಿನಲ್ಲಿ, ಕಡಲಡಿಯ ಸುರಂಗದೊಳಗೆ
ಅರ್ಧ ಸಾಲು ಬರೆದು ಕಡಿದುಹೋದವಳು.
ಮೂರನೆಯವಳು ಹತ್ತೊಂಬತ್ತು ದಿನದಿಂದ ಕೂತೇ ಇದ್ದಾಳೆ,
ಯಾಕೆ ಬಂದಿದ್ದಳೋ, ಈಗ ನನಗೂ ನೆನಪಿಲ್ಲ.
ಕಾಲಮಿತಿ ಸೊನ್ನೆ ಎಂದು ಬರೆದಿಟ್ಟವಳೂ ನಾನೇ:
ಎಷ್ಟು ಹೊತ್ತಾದರೂ ಇರಲಿ, ಯಾರನ್ನೂ ಎಬ್ಬಿಸಬೇಡ.

ಎಬ್ಬಿಸಿದೆ. ಒಬ್ಬೊಬ್ಬಳನ್ನೇ, ನಂಬರು ಹಿಡಿದು.
ಬೆರ್ಗೆನ್ನಿನವನನ್ನೂ.

ಆಮೇಲೆ ಹೊಸ ಕಟ್ಟಳೆ ಬರೆಯಲು ಕೂತೆ:
ಇಂಥ ವಿಳಾಸದಿಂದ ಬಂದವರಿಗೆ ಮಾತ್ರ ಪ್ರವೇಶ.
ಅದಕ್ಕೂ ಮೊದಲು, ಮಾಲಾನ್ ಬೈದು ಬೈದು ಕಲಿಸಿದಂತೆ,
ಸ್ವಿಚ್ಚಿಗೆ ಹೇಳಿದ್ದೆ:
ಹತ್ತು ನಿಮಿಷದಲ್ಲಿ ನಾನೇ ಬಂದು ಬೇಡವೆನ್ನದಿದ್ದರೆ
ನಾನು ಮಾಡಿದ್ದೆಲ್ಲ ಮರೆತು
ನಿನ್ನೆಯ ನೆನಪಿನಿಂದ ಏಳು.
ಖಾತ್ರಿಯೇ? ಎಂದು ಅದು ಕೇಳಿತ್ತು.

ಎಂಟರ್ ಒತ್ತಿದೆನೇ?

ಈ ಪ್ರಶ್ನೆ ಹುಟ್ಟಿದ್ದು ಕಟ್ಟಳೆ ಜಾರಿಯಾದ ಮೇಲೆ,
ಮಿಣುಕುತ್ತಿದ್ದ ಕರ್ಸರ್ ಕಲ್ಲಾದ ಮೇಲೆ.
ಎಲ್ಲರ ವಿಳಾಸವೂ ಇತ್ತು ಅದರಲ್ಲಿ,
ಬೆರ್ಗೆನ್ನಿನವನದೂ. ನನ್ನದೊಂದಿಲ್ಲ.
ಫ್ಯಾರೋ ದ್ವೀಪಗಳಲ್ಲಿ ಮರಗಳೇ ಇಲ್ಲ ಅನ್ನುತ್ತಾರೆ;
ಕೂತ ಕೊಂಬೆ ಕಡಿಯಲು
ನನಗೆ ಅದೇನೂ ಅಡ್ಡಿಯಾಗಲಿಲ್ಲ.

ತೆಪ್ಪದ ಟುಮ್ಮಸನಿಗೆ ಫೋನು ಮಾಡಿದೆ.
ಮೊಳೆಗೆ ಒಂದು ನೀಲಿ ಕೇಬಲ್ಲು ನೇತುಹಾಕಿದ್ದೆನಲ್ಲ, ಇದೆಯಾ?
ಅದಾ, ಅದರಲ್ಲಿ ಬಾಗಿಲು ಕಟ್ಟಿದ್ದೇನೆ,
ಗಾಳಿಗೆ ಒಂದೇ ಸಮ ಬಡಿಯುತ್ತಿತ್ತು.
ದೋಣಿ?
ಈ ಗಾಳಿಗಾ? ಎಂದು ನಕ್ಕ.
ನೋಡು, ಇನ್ನೇನು ಕ್ಯಾಮೆರಾಗಳು ಕಣ್ಣು ಮುಚ್ಚಬಹುದು,
ಮುಚ್ಚದಿರಲೂಬಹುದು. ಮುಚ್ಚಿದರೆ ಒಳ್ಳೆಯದು.
ಮೀನಿಗೆ ಅದೇನೂ ತಿಳಿಯೋದಿಲ್ಲ ಬಿಡು, ಎಂದ.
ಫೋನು ಇಡಲಿಲ್ಲ ಇಬ್ಬರೂ.

ಪಿಂಗ್ ಕಳಿಸುತ್ತಾ ಕೂತೆ. ಪ್ರತಿಯೊಂದಕ್ಕೂ ಉತ್ತರ,
ಠಾಕುಠೀಕಾಗಿ, ಹನ್ನೊಂದು ಮಿಲಿಸೆಕೆಂಡಿಗೆ.
ಹೀಗೆ ಬೇಡಿಕೊಂಡಿರಲಿಲ್ಲ ಎಂದೂ
ಉತ್ತರ ಬಾರದಿರಲಿ ಎಂದು.
ಒಂಬತ್ತು. ಬಂತು.
ಹತ್ತು. ಬಂತು.
ಮಾಲಾನಳ ಮುಖ ನೆನೆದೆ.
ಮತ್ತೂ ಬಂತು.

ಆಮೇಲೆ ಬರಲಿಲ್ಲ.

ಕತ್ತಲಾಯಿತು, ಎಂದ ಟುಮ್ಮಸ್.
ಸ್ವಲ್ಪ ಹೊತ್ತು ಬಿಟ್ಟು:
ಕಿಟಕಿಯಿಂದ ಕಾಣ್ತಿವೆ, ಸುತ್ತುತ್ತಲೇ ಇವೆ.

ನಾಲ್ಕು ನಿಮಿಷಕ್ಕೆ ಎದ್ದಿತು ಪುಣ್ಯಾತ್ಮ.
ಹೆಸರು ಕೇಳಿತು, ಗುಟ್ಟು ಕೇಳಿತು.
ಒಳಗೆ ಯಾರಿದ್ದೀರಿ?
ಒಬ್ಬಳೇ ನಾನು, ಪಕ್ಕಕ್ಕೊಂದು ಚುಕ್ಕಿ.

ಏನಾಗಿತ್ತು, ಎಂದ.
ಬೀಗ ಹಾಕಿ ಕೀಲಿ ಒಳಗೇ ಬಿಟ್ಟಿದ್ದೆ.
ನಮ್ಮಲ್ಲಿ ಯಾರು ಹಾಕುತ್ತಾರೆ ಬೀಗ?
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಕಾಲಮಿತಿಯನ್ನು ಹತ್ತು ನಿಮಿಷಕ್ಕೆ ತಿದ್ದಿದೆ, ನನಗೂ ಸೇರಿ.
ಪಟ್ಟಿಯ ಮೊದಲ ಸಾಲಿಗೆ ನನ್ನ ವಿಳಾಸ.
ಎರಡೆರಡು ಸಲ ಓದಿ, ಬರೆದಿಟ್ಟೆ.
ಆ ಕೇಬಲ್ಲು ಬಾಗಿಲಿಗೇ ಇರಲಿ ಎಂದೆ ಟುಮ್ಮಸನಿಗೆ,
ದೋಣಿ ಹೊರಟ ದಿನ ಇನ್ನೊಂದು ತರುತ್ತೇನೆ.